ವಿಂಡೋಸ್ 11 ಪೆನ್‌ಡ್ರೈವ್ ಒಳಗೇ ಅಪ್‌ಡೇಟ್ ಸೇರಿಸಿಡುವುದು ಹೇಗೆ? 22 ಪಿಸಿ ಉಂಟು, ನೆಟ್ ಆಮೆ

ಕಲ್ಸಂಕ_ಕೀಬೋರ್ಡ್, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಹಿರಿಯಡ್ಕದಿಂದ ಇನ್ನೂ ಒಳಗೆ ಒಂದು ಶಾಲೆಯ ಕಂಪ್ಯೂಟರ್ ಲ್ಯಾಬ್ ಕೆಲಸ ಒಪ್ಪಿಕೊಂಡು ಸಿಕ್ಕಿಬಿದ್ದಿದ್ದೇನೆ. ಹಳೆ ವಿದ್ಯಾರ್ಥಿಗಳು ಸೇರಿ ಯಾವುದೋ ಆಫೀಸಿನಿಂದ ತೆಗೆದ 22 ಡೆಸ್ಕ್‌ಟಾಪ್ ಕೊಡಿಸಿದ್ದಾರೆ. ಎಲ್ಲ ಒಂದೇ ಮಾಡೆಲ್, ಎಂಟನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಶಾಲೆಯ ಮಟ್ಟಿಗೆ ಭಾರಿ ಒಳ್ಳೆಯ ಮೆಷಿನ್. ಒಳಗಿದ್ದದ್ದು ವಿಂಡೋಸ್ 10 ಪ್ರೊ. ಅದಕ್ಕೆ 14 ಅಕ್ಟೋಬರ್ 2025ಕ್ಕೆ ಸಪೋರ್ಟ್ ಮುಗಿಯಿತಲ್ಲ, ಹಾಗಾಗಿ ಎಲ್ಲ ಒರೆಸಿ 11 ಹಾಕುವ ಎಂದು ಹೆಡ್‌ಮಾಸ್ಟರ್ ಹತ್ತಿರ ಹೇಳಿ ಬಂದೆ.

ಹಾಕುವುದು ಕಷ್ಟವಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಅರ್ಧ ಗಂಟೆಯಲ್ಲಿ ಡೆಸ್ಕ್‌ಟಾಪ್ ಬರುತ್ತದೆ. ಆಮೇಲೆ ಶುರುವಾಗುತ್ತದೆ ನೋಡಿ ಅಪ್‌ಡೇಟ್ ಪುರಾಣ. ಒಂದೊಂದು ಪಿಸಿಯೂ ಕೆಲವು ಜಿಬಿ ಎಳೆಯುತ್ತದೆ, ಶಾಲೆಯ ಲೈನ್ ಅಂತೂ ಕೇಳಬೇಡಿ, ಮೊನ್ನೆ ಬೆಳಿಗ್ಗೆ 9ಕ್ಕೆ ಹೋದವನು ಸಂಜೆ ಕೊನೆಯ ಬಸ್ಸಿಗೆ ಬರುವಾಗ ಆದದ್ದು ಬರೀ 4 ಪಿಸಿ. ಅದರ ಮಧ್ಯೆ ಟೀಚರ್ ಬಂದು ನೆಟ್ ಯಾಕೆ ಇಲ್ಲ, ಹಾಜರಿ ಹಾಕಲಿಕ್ಕೆ ಆಗುತ್ತಿಲ್ಲ ಎಂದು ಎರಡು ಸಲ ಕೇಳಿ ಹೋದರು.

ಅಪ್‌ಡೇಟ್ ಫೈಲನ್ನು ಮೊದಲೇ ಇನ್‌ಸ್ಟಾಲ್ ಇಮೇಜ್ (ಇಡೀ ವಿಂಡೋಸ್ ತುಂಬಿಟ್ಟ ದೊಡ್ಡ ಫೈಲ್) ಒಳಗೆ ಸೇರಿಸಿಡಬಹುದು ಎಂದು ಕೇಳಿದ್ದೇನೆ. ಅಂಗಡಿಯ ಪಿಸಿಯಲ್ಲಿ ಪ್ರಯತ್ನ ಮಾಡಿದೆ. ವಿಂಡೋಸ್ ಒಟ್ಟಿಗೇ ಬರುವ ಡಿಸ್ಮ್ ಎಂಬ ಕಮಾಂಡ್ ಟೂಲ್‌ನಲ್ಲಿ ಮೌಂಟ್, ಅಂದರೆ ಇಮೇಜನ್ನು ಫೋಲ್ಡರಿನ ಹಾಗೆ ತೆರೆಯುವ ಕಮಾಂಡ್ ಕೊಟ್ಟರೆ ಎರರ್ 11, ಏನೋ ತಪ್ಪು ಫಾರ್ಮ್ಯಾಟ್ ಎನ್ನುತ್ತದೆ. ಪೆನ್‌ಡ್ರೈವ್ ಮಾಡಿದ್ದು ಮೀಡಿಯಾ ಕ್ರಿಯೇಶನ್ ಟೂಲ್‌ನಲ್ಲಿ, 2024ರ ಕೊನೆಗೆ. ಅಂಗಡಿಯ ಪಿಸಿಯಲ್ಲಿ ಈಗಲೂ ವಿಂಡೋಸ್ 10ವೇ ಇರುವುದು, ನಗಬೇಡಿ.

ಇನ್ನೊಂದು ವಿಷಯ. ಶಾಲೆಯಲ್ಲಿ ಟೈಪಿಂಗ್ ಕಲಿಸುವ ಒಂದು ಹಳೆ ಸಾಫ್ಟ್‌ವೇರ್ ಉಂಟು, ಅದು ಓಡಲಿಕ್ಕೆ ಡಾಟ್‌ನೆಟ್ 3.5 ಎಂಬ ಮೈಕ್ರೋಸಾಫ್ಟ್‌ನ ಘಟಕ ಬೇಕು. ಅದನ್ನೂ ಒಳಗೇ ಸೇರಿಸಬಹುದಾ? ಯಾರಾದರೂ ಮಾಡಿದವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ ಮಾರಾಯ್ರೆ.

ಬಂದರು_ಬೈಟ್, ಮಂಗಳೂರು

ಎರರ್ 11 ಬರಲಿಕ್ಕೆ ಕಾರಣ ಸುಲಭ. ಮೀಡಿಯಾ ಕ್ರಿಯೇಶನ್ ಟೂಲ್ ಮಾಡಿದ ಪೆನ್‌ಡ್ರೈವ್‌ನ ಸೋರ್ಸಸ್ ಫೋಲ್ಡರ್ ತೆರೆದು ನೋಡಿ, ಅಲ್ಲಿ ಇರುವುದು ಇನ್‌ಸ್ಟಾಲ್.ಇಎಸ್‌ಡಿ. ಅದು ಗಟ್ಟಿಯಾಗಿ ಒತ್ತಿಟ್ಟ ಫೈಲ್, ಮೌಂಟ್ ಮಾಡಲಿಕ್ಕೆ ಬರುವುದಿಲ್ಲ. ನಿಮಗೆ ಬೇಕಾದದ್ದು ಇನ್‌ಸ್ಟಾಲ್.ವಿಮ್. ಇಎಸ್‌ಡಿಯಿಂದ ವಿಮ್ ಮಾಡಬಹುದು, ಡಿಸ್ಮ್‌ನಲ್ಲಿ ಎಕ್ಸ್‌ಪೋರ್ಟ್-ಇಮೇಜ್ ಅಂತ ಉಂಟು, ಕಂಪ್ರೆಸ್ ಮ್ಯಾಕ್ಸ್ ಕೊಟ್ಟು ಬೇಕಾದ ಇಂಡೆಕ್ಸ್ (ಒಳಗಿನ ಎಡಿಷನ್‌ನ ಕ್ರಮಸಂಖ್ಯೆ) ಹೊರಗೆ ತೆಗೆಯುವುದು. ಆದರೆ ನೀವು ಅದನ್ನೂ ಮಾಡಬೇಡಿ. ಆ ಪೆನ್‌ಡ್ರೈವನ್ನೇ ಬಿಡಿ.

ಯಾಕೆ ಅಂದರೆ, 2024ರ ಕೊನೆಗೆ ಒಂದು ಎಡವಟ್ಟು ಆಗಿತ್ತು. ಅಕ್ಟೋಬರ್ ಅಥವಾ ನವೆಂಬರ್ 2024ರ ಸೆಕ್ಯುರಿಟಿ ಅಪ್‌ಡೇಟ್ ಸೇರಿದ್ದ 24ಎಚ್2 (ವಿಂಡೋಸ್ 11ರ 2024ರ ಆವೃತ್ತಿ) ಪೆನ್‌ಡ್ರೈವ್ ಅಥವಾ ಡಿವಿಡಿಯಿಂದ ಇನ್‌ಸ್ಟಾಲ್ ಮಾಡಿದರೆ ಆ ಪಿಸಿ ಮುಂದಿನ ಸೆಕ್ಯುರಿಟಿ ಅಪ್‌ಡೇಟ್ ತೆಗೆದುಕೊಳ್ಳದೇ ಹೋಗುವ ಸಾಧ್ಯತೆ ಉಂಟು ಎಂದು ಮೈಕ್ರೋಸಾಫ್ಟ್‌ನವರೇ ಹೇಳಿದ್ದರು. ಡಿಸೆಂಬರ್ 2024ರದ್ದು ಅಥವಾ ಅದರ ನಂತರದ್ದು ಸೇರಿಸಿ ಹೊಸ ಪೆನ್‌ಡ್ರೈವ್ ಮಾಡಿ ಎಂಬುದು ಅವರ ಪರಿಹಾರ. ನಿಮ್ಮದು ಸರಿಯಾಗಿ ಅದೇ ಕಾಲದ್ದು. ನಿಮ್ಮ 4 ಪಿಸಿ ಅಪ್‌ಡೇಟ್ ತೆಗೆದುಕೊಂಡವು ಅಂತಾದರೆ ನೀವು ಬಚಾವ್, ಆದರೂ ಆ ಪೆನ್‌ಡ್ರೈವ್ ಮೇಲೆ 18 ಪಿಸಿ ಕಟ್ಟುವುದು ಬೇಡ.

ಮೈಕ್ರೋಸಾಫ್ಟ್ ಸೈಟಿನಿಂದ 25ಎಚ್2 (ಅದರ ಮುಂದಿನ ಆವೃತ್ತಿ) ಐಎಸ್‌ಒ, ಅಂದರೆ ಪೂರ್ತಿ ಡಿಸ್ಕ್‌ನ ಒಂದೇ ಫೈಲ್, ನೇರವಾಗಿ ಇಳಿಸಿ. ಟೂಲ್ ಅಲ್ಲ, ಐಎಸ್‌ಒ. ಅದರಲ್ಲಿ ಇನ್‌ಸ್ಟಾಲ್.ವಿಮ್ಮೇ ಇರುತ್ತದೆ. ಎಡಿಷನ್ ಮಾತ್ರ ಹನ್ನೊಂದು ಇರುತ್ತದೆ, ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಎಜುಕೇಶನ್, ಪ್ರೊ, ಅದರ ಎನ್ ಆವೃತ್ತಿಗಳು, ಹೀಗೆ. ಗೆಟ್-ವಿಮ್‌ಇನ್ಫೊ ಕೊಟ್ಟರೆ ಪಟ್ಟಿ ಬರುತ್ತದೆ. ಪ್ರೊ ಸಾಮಾನ್ಯವಾಗಿ 6ನೇದು, ಆದರೂ ಕಣ್ಣಲ್ಲಿ ನೋಡಿಯೇ ಮುಂದೆ ಹೋಗಿ. ಆ ಒಂದನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ ಹೊಸ ವಿಮ್ ಮಾಡಿ. ಹನ್ನೊಂದಕ್ಕೂ ಅಪ್‌ಡೇಟ್ ಹಾಕುತ್ತಾ ಕೂತರೆ ನಿಮಗೆ ಮದುವೆ ವಯಸ್ಸಿನ ಮಕ್ಕಳಾಗುತ್ತವೆ.

ಆಮೇಲೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ಗೆ ಹೋಗಿ ಈ ತಿಂಗಳ ಕ್ಯುಮುಲೇಟಿವ್ ಅಪ್‌ಡೇಟ್ (ಹಿಂದಿನದ್ದೆಲ್ಲ ಸೇರಿಸಿ ಬರುವುದು) ಹುಡುಕಿ, 25ಎಚ್2, ಎಕ್ಸ್64. ಡೌನ್‌ಲೋಡ್ ಒತ್ತಿದಾಗ ಎರಡು ಫೈಲ್ ತೋರಿಸಿದರೆ ಗಾಬರಿ ಬೇಡ. ಒಂದು ಕೆಬಿ5043080 (ಕೆಬಿ ಎಂದರೆ ಅಪ್‌ಡೇಟ್‌ನ ನಂಬರ್), ಅದು ಚೆಕ್‌ಪಾಯಿಂಟ್. 24ಎಚ್2ರಿಂದ ಈಚೆಗೆ ಪದ್ಧತಿ ಹಾಗೆ, ಒಂದು ಹಂತದವರೆಗಿನದ್ದು ಚೆಕ್‌ಪಾಯಿಂಟ್‌ನಲ್ಲಿ, ಅದರ ಮೇಲಿನ ವ್ಯತ್ಯಾಸ ಹೊಸ ಫೈಲ್‌ನಲ್ಲಿ. ಎರಡನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಆ್ಯಡ್-ಪ್ಯಾಕೇಜ್‌ಗೆ ಹೊಸ ಫೈಲಿನ ಹೆಸರು ಮಾತ್ರ ಕೊಡಿ. ಪಕ್ಕದಲ್ಲಿರುವ ಚೆಕ್‌ಪಾಯಿಂಟ್ ಬೇಕಾದರೆ ಅದೇ ಹುಡುಕಿಕೊಳ್ಳುತ್ತದೆ. ಆ ಫೋಲ್ಡರಿನಲ್ಲಿ ಬೇರೆ ಹಳೆ ಎಂಎಸ್‌ಯು (ಅಪ್‌ಡೇಟ್) ಫೈಲ್ ತುಂಬಿಸಿ ಇಡಬೇಡಿ.

ಮತ್ತೆ ವಿಂಡೋಸ್ 10ರ ಡಿಸ್ಮ್‌ನಲ್ಲಿ ಇದು ಆಗುವ ಹೋಗುವ ಕೆಲಸ ಅಲ್ಲ. ಹಳೆ ಡಿಸ್ಮ್‌ಗೆ ಚೆಕ್‌ಪಾಯಿಂಟ್ ವಿಷಯ ತಿಳಿಯುವುದಿಲ್ಲ. ನೀವು ಮಾಡಿ ಮುಗಿಸಿದ ಆ 4ರಲ್ಲಿ ಒಂದು ಪಿಸಿ ಅಂಗಡಿಗೆ ತನ್ನಿ, ಅದರಲ್ಲಿ ಮಾಡಿ. ಒಂದು 40 ಜಿಬಿ ಖಾಲಿ ಇರಲಿ.

ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ ಎಂದು ಕನ್ನಡದಲ್ಲೇ ಟೈಪ್ ಮಾಡಲಿಕ್ಕೆ ಹೋಗಬೇಡಿ ಮತ್ತೆ. ಒಬ್ಬರು ಮಾಡಿದ್ದರು.

ಬಂಗುಡೆ404, ಸುರತ್ಕಲ್

ಇಷ್ಟೆಲ್ಲ ಯಾಕೆ? ಉಬುಂಟು ಹಾಕಿ ಬಿಡಿ. ತಲಪಾಡಿ ದಾಟಿ ಕಾಸರಗೋಡಿಗೆ ಹೋದರೆ ಸರಕಾರಿ ಶಾಲೆಯ ಮಕ್ಕಳು ಉಬುಂಟು ಮೇಲೆ ಕಟ್ಟಿದ ಲಿನಕ್ಸ್‌ನಲ್ಲೇ ಕಲಿಯುವುದು, ಕನ್ನಡ ಮೀಡಿಯಂ ಮಕ್ಕಳೂ.

ಸರಿ, ಸುಮ್ನೆ ಹೇಳಿದ್ದು. ನಿಜವಾಗಿ ಉಪಯೋಗದ ಮಾತು ಬೇಕಾದರೆ: ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಡೆಲಿವರಿ ಆಪ್ಟಿಮೈಸೇಶನ್. ಲೋಕಲ್ ನೆಟ್‌ವರ್ಕಿನ ಪಿಸಿಗಳಿಂದ ತೆಗೆದುಕೊಳ್ಳುವುದು ಆನ್ ಉಂಟಾ ನೋಡಿ. ಮೊದಲು ಒಂದೇ ಪಿಸಿ ಪೂರ್ತಿ ಅಪ್‌ಡೇಟ್ ಮಾಡಿ, ಆಮೇಲೆ ಉಳಿದವನ್ನು ಎರಡೆರಡಾಗಿ ಬಿಡಿ. 22ನ್ನೂ ಒಟ್ಟಿಗೆ ಬಿಟ್ಟರೆ ಯಾರ ಹತ್ತಿರವೂ ಫೈಲ್ ಇರುವುದಿಲ್ಲ, ಎಲ್ಲರೂ ಹೊರಗೆ ಕೈ ಚಾಚುತ್ತಾರೆ. ಇಮೇಜ್ ಮಾಡಿದ ಮೇಲೂ ಮುಂದಿನ ತಿಂಗಳುಗಳಿಗೆ ಇದು ಬೇಕಾಗುತ್ತದೆ ನಿಮಗೆ.

ಹಂಪನಕಟ್ಟೆ_ಹಳಬ, ಮಂಗಳೂರು

ಈ ಪ್ರಶ್ನೆ ನೋಡಿ ಖುಷಿಯಾಯಿತು. ನಾವು ಇದನ್ನು ಸ್ಲಿಪ್‌ಸ್ಟ್ರೀಮ್ ಎನ್ನುತ್ತಿದ್ದೆವು. ಎಕ್ಸ್‌ಪಿ ಕಾಲದಲ್ಲಿ ಸರ್ವಿಸ್ ಪ್ಯಾಕ್ ಫೈಲಿಗೆ ಇಂಟಿಗ್ರೇಟ್ ಎಂದು ಒಂದು ಸ್ವಿಚ್ ಕೊಟ್ಟು ಸಿಡಿ ಕಾಪಿ ಮಾಡಿದ ಫೋಲ್ಡರ್ ತೋರಿಸಿದರೆ ಸಾಕಿತ್ತು, ಫೈಲ್‌ಗಳನ್ನು ಅಲ್ಲೇ ಬದಲಿಸಿ ಬಿಡುತ್ತಿತ್ತು. 2008ರಲ್ಲಿ ಎಸ್‌ಪಿ3 ಬಂದಾಗ ನಾನು ಒಂದೇ ದಿನ ಐದು ಸಿಡಿ ಸುಟ್ಟಿದ್ದೇನೆ, ಮೂರು ಬೂಟ್ ಆಗಲಿಲ್ಲ, ಬೂಟ್ ಸೆಕ್ಟರ್ ಹಾಕಲಿಕ್ಕೆ ಮರೆತಿದ್ದೆ. ಆಗ ಎನ್‌ಲೈಟ್ ಎಂಬ ಟೂಲ್ ದೇವರ ಹಾಗೆ. ಸಾಟಾ ಡಿಸ್ಕ್ ಕಾಣಬೇಕಾದರೆ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಬೇಕಿತ್ತು, ಹೊಸ ಪಿಸಿಯಲ್ಲಿ ಫ್ಲಾಪಿ ಡ್ರೈವೇ ಇಲ್ಲ! ಎನ್‌ಲೈಟ್‌ನಲ್ಲಿ ಆ ಡ್ರೈವರನ್ನು ಸಿಡಿ ಒಳಗೇ ಸೇರಿಸಿ ಬಿಟ್ಟರೆ ತಲೆಬಿಸಿ ಇಲ್ಲ.

ವಿಂಡೋಸ್ 7 ಇನ್ನೊಂದು ಕಥೆ. 2011ರ ಎಸ್‌ಪಿ1 ಆದ ಮೇಲೆ ಎಸ್‌ಪಿ2 ಬರಲೇ ಇಲ್ಲ. ಇನ್‌ಸ್ಟಾಲ್ ಮಾಡಿ ಅಪ್‌ಡೇಟ್ ಹುಡುಕಲಿಕ್ಕೆ ಬಿಟ್ಟರೆ ಊಟ ಮಾಡಿ ಬಂದರೂ ಹುಡುಕುತ್ತಲೇ ಇರುತ್ತಿತ್ತು. 2016ರಲ್ಲಿ ಕೆಬಿ3125574 ಎಂದು ಒಂದು ದೊಡ್ಡ ಮೂಟೆ ಬಿಟ್ಟರು. ಅದನ್ನು ಹಾಕುವ ಮೊದಲು ಕೆಬಿ3020369 ಹಾಕಿರಬೇಕು, ಇಲ್ಲದಿದ್ದರೆ ಮೂಟೆ ಒಳಗೆ ಹೋಗುವುದಿಲ್ಲ. ಅಂದಿನಿಂದ ನನಗೆ ತಲೆಯಲ್ಲಿ ಕೂತದ್ದು ಒಂದೇ, ಈ ಕೆಲಸದಲ್ಲಿ ಯಾವುದು ಎಂಬುದಕ್ಕಿಂತ ಯಾವುದರ ನಂತರ ಯಾವುದು ಎಂಬುದೇ ಮುಖ್ಯ. ಸಾರಿಗೆ ಮಸಾಲೆ ಬೇಯುವ ಮೊದಲೇ ಮೀನು ಹಾಕಿದ ಹಾಗೆ ಆಗುತ್ತದೆ. ಸಾಮಾನು ಎಲ್ಲ ಸರಿ, ಸಾರು ಮಾತ್ರ ಹಾಳು.

ಈಗ ನಿಮ್ಮ ವಿಷಯ. ಬಂದರಿನವರು ಹೇಳಿದ್ದು ಸರಿ. ನನ್ನದು ಮೂರು ಮಾತು ಸೇರಿಸುತ್ತೇನೆ.

ಮೌಂಟ್ ಮಾಡುವ ಫೋಲ್ಡರ್ ಪಿಸಿಯ ಒಳಗಿನ ಡಿಸ್ಕ್‌ನಲ್ಲೇ ಇರಲಿ, ಆ ಡಿಸ್ಕ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಇರಲಿ. ಪೆನ್‌ಡ್ರೈವ್ ಮೇಲೆ ಮಾಡಲಿಕ್ಕೆ ಹೋಗಬೇಡಿ. ಹೆಸರು ಚಿಕ್ಕದಿರಲಿ, ಸಿ ಡ್ರೈವಿನಲ್ಲಿ ನೇರವಾಗಿ ಮೌಂಟ್ ಎಂದೇ ಇಡಿ. ಡೆಸ್ಕ್‌ಟಾಪಿನಲ್ಲಿ ನ್ಯೂ ಫೋಲ್ಡರ್ 3ರ ಒಳಗೆ ಇನ್ನೊಂದು ನ್ಯೂ ಫೋಲ್ಡರ್ ಎಲ್ಲ ಬೇಡ.

ಯುಪಿಎಸ್ ಇಲ್ಲದೆ ಕೂರಬೇಡಿ. ಎರಡು ಜುಲೈ ಹಿಂದೆ, ಭಾರಿ ಗಾಳಿ ಮಳೆ, ನಾನು ಆಸೆಬುರುಕನ ಹಾಗೆ 11 ಎಡಿಷನ್‌ಗೂ ಒಂದೇ ಸ್ಕ್ರಿಪ್ಟ್‌ನಲ್ಲಿ ಅಪ್‌ಡೇಟ್ ಹಾಕಿ ಮಲಗಿದ್ದೆ. ರಾತ್ರಿ ಎಷ್ಟು ಹೊತ್ತಿಗೋ ತೆಂಗಿನ ಮರ ಲೈನಿನ ಮೇಲೆ ಬಿತ್ತು. ಬೆಳಿಗ್ಗೆ ನೋಡಿದರೆ 9ನೇದು ಅರ್ಧಕ್ಕೆ ನಿಂತಿದೆ, ಮೌಂಟ್ ಬಿಡಿಸಲಿಕ್ಕೂ ಬರುವುದಿಲ್ಲ, ಹೊಸದಾಗಿ ಮಾಡಲಿಕ್ಕೂ ಬರುವುದಿಲ್ಲ, ಈಗಾಗಲೇ ಮೌಂಟ್ ಆಗಿದೆ ಎನ್ನುತ್ತದೆ. ಕ್ಲೀನಪ್-ಮೌಂಟ್‌ಪಾಯಿಂಟ್ಸ್ ಕೊಟ್ಟು ಬಿಡಿಸಿಕೊಂಡೆ, ಆದರೆ ಆ ವಿಮ್ ಮೇಲೆ ನಂಬಿಕೆ ಹೋಯಿತು, ಬಿಸಾಡಿದೆ. ಮೂಲ ವಿಮ್‌ನ ಒಂದು ಕಾಪಿ ಬದಿಗೆ ಇಟ್ಟಿದ್ದೆ, ಅದರಿಂದ ಮಾನ ಉಳಿಯಿತು. ನೀವೂ ಇಡಿ.

ಮೂರನೇದು, ಎರಡನೇ ಮಂಗಳವಾರ ನೋಡಿ ಕೆಲಸ ಇಟ್ಟುಕೊಳ್ಳಿ. ಪ್ಯಾಚ್ ಬರುವುದು ತಿಂಗಳ ಎರಡನೇ ಮಂಗಳವಾರ, ನಮ್ಮ ಲೆಕ್ಕದಲ್ಲಿ ರಾತ್ರಿ ಹತ್ತೂವರೆಗೆ, ಅಲ್ಲಿ ಚಳಿಗಾಲವಾದರೆ ಹನ್ನೊಂದೂವರೆಗೆ. ಸೋಮವಾರ ಕೂತು ಕಷ್ಟಪಟ್ಟು ಇಮೇಜ್ ಮಾಡಿ ಬುಧವಾರ ಶಾಲೆಗೆ ಹೋದರೆ ನಿಮ್ಮ ಇಮೇಜ್ ಆಗಲೇ ಹಳೆಯದು. ನಾನಾದರೆ ಶುಕ್ರವಾರದವರೆಗೆ ಕಾಯುತ್ತೇನೆ, ಪ್ಯಾಚ್‌ನಲ್ಲೇ ಎಡವಟ್ಟು ಇದ್ದರೆ ಅಷ್ಟರಲ್ಲಿ ಯಾರಾದರೂ ಬೊಬ್ಬೆ ಹೊಡೆದಿರುತ್ತಾರೆ.

ಕಲ್ಸಂಕ_ಕೀಬೋರ್ಡ್, ಉಡುಪಿ

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೇ ಮಾಡಿದೆ. ಆದರೆ ಮೂರು ಕಡೆ ಸಿಕ್ಕಿಕೊಂಡಿದ್ದೇನೆ.

ಪ್ರೊ ಮಾತ್ರ ಎಕ್ಸ್‌ಪೋರ್ಟ್ ಆಯಿತು. ಮೌಂಟ್ ಆಯಿತು. ಮೊದಲು ಡಾಟ್‌ನೆಟ್ 3.5 ಮುಗಿಸಿ ಬಿಡುವ ಎಂದು ಐಎಸ್‌ಒದ ಸೋರ್ಸಸ್, ಅದರೊಳಗಿನ ಎಸ್‌ಎಕ್ಸ್‌ಎಸ್ ಫೋಲ್ಡರ್ ತೋರಿಸಿ ಎನೇಬಲ್-ಫೀಚರ್ ಕೊಟ್ಟೆ, ಅದೂ ಆಯಿತು. ಕ್ಯುಮುಲೇಟಿವ್ ಕೂಡ ಹಾಕಿದೆ, ಸುಮಾರು ಮುಕ್ಕಾಲು ಗಂಟೆ ತೆಗೆದುಕೊಂಡಿತು, ಮಧ್ಯೆ ಪರ್ಸೆಂಟ್ ನಿಂತೇ ಹೋಗಿತ್ತು, ನಾನು ಚಾ ಕುಡಿದು ಬಂದೆ. ಆಮೇಲೆ ಸೈಜ್ ಕಡಿಮೆ ಮಾಡುವ ಎಂದು ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಮತ್ತು ರೀಸೆಟ್‌ಬೇಸ್ ಕೊಟ್ಟರೆ ಎರರ್ 0ಎಕ್ಸ್800ಎಫ್0806. ಏನೋ ಪೆಂಡಿಂಗ್ ಉಂಟಂತೆ. ಏನು ಪೆಂಡಿಂಗ್? ನಾನು ಎಲ್ಲ ಮುಗಿಸಿದ್ದೇನಲ್ಲ!

ಎರಡನೇದು, ಅಷ್ಟಕ್ಕೇ ಸಾಕು ಎಂದು ಕಮಿಟ್ (ಬದಲಾವಣೆ ಉಳಿಸು) ಕೊಟ್ಟು ಅನ್‌ಮೌಂಟ್ ಮಾಡಿದರೆ 0ಎಕ್ಸ್ಸಿ1420117, ಪೂರ್ತಿ ಅನ್‌ಮೌಂಟ್ ಆಗಲಿಲ್ಲ ಎನ್ನುತ್ತದೆ.

ಮೂರನೇದು, ಆ ವಿಮ್ 5 ಜಿಬಿ ದಾಟಿದೆ. ಪೆನ್‌ಡ್ರೈವ್‌ಗೆ ಕಾಪಿ ಮಾಡಲಿಕ್ಕೆ ಹೋದರೆ ಫೈಲ್ ದೊಡ್ಡದಾಯಿತು ಎನ್ನುತ್ತದೆ. ಪೆನ್‌ಡ್ರೈವ್ 32 ಜಿಬಿ, ಖಾಲಿ ಉಂಟು.

ಮಣಿಪಾಲ_ನೈಟ್‌ಶಿಫ್ಟ್

ಹಳಬರು ಹೇಳಿದ ಮೀನು ಸಾರಿನ ಮಾತು ನಿಮ್ಮದೇ ಕಥೆ ಆಯಿತು ಅಣ್ಣ. ನೀವು ಮೀನು ಮೊದಲು ಹಾಕಿದ್ದೀರಿ.

ಡಾಟ್‌ನೆಟ್ 3.5 ಎನೇಬಲ್ ಮಾಡಿದಾಗ ಕೆಲಸ ಇಮೇಜ್ ಒಳಗೆ ಪೂರ್ತಿ ಮುಗಿಯುವುದಿಲ್ಲ. ಸ್ವಲ್ಪ ಭಾಗ ಪಿಸಿ ಮೊದಲ ಸಲ ಬೂಟ್ ಆಗುವಾಗ ಮಾಡಲಿಕ್ಕೆ ಎಂದು ಬಾಕಿ ಇಡುತ್ತದೆ. ಅದೇ ಆ ಪೆಂಡಿಂಗ್. ಬಾಕಿ ಇರುವ ಇಮೇಜನ್ನು ಕ್ಲೀನಪ್ ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಹಾಗಾಗಿ ಕ್ರಮ ಹೀಗೆ: ಭಾಷೆಯ ಪ್ಯಾಕ್ ಅಥವಾ ಫೀಚರ್ ಆನ್ ಡಿಮ್ಯಾಂಡ್ (ಬೇಕಾದರೆ ಸೇರಿಸುವ ಹೆಚ್ಚುವರಿ ಸೌಲಭ್ಯ) ಏನಾದರೂ ಸೇರಿಸುವುದಿದ್ದರೆ ಮೊದಲು ಅದು, ಆಮೇಲೆ ಕ್ಯುಮುಲೇಟಿವ್, ಆಮೇಲೆ ಕ್ಲೀನಪ್, ಆಮೇಲೆ ಡಾಟ್‌ನೆಟ್ 3.5, ಕಟ್ಟಕಡೆಗೆ ಡಾಟ್‌ನೆಟ್‌ನ ಕ್ಯುಮುಲೇಟಿವ್, ಅದು ಕ್ಯಾಟಲಾಗ್‌ನಲ್ಲಿ ಬೇರೆಯೇ ಇರುತ್ತದೆ. ಕನ್ನಡ ಲ್ಯಾಂಗ್ವೇಜ್ ಪ್ಯಾಕ್ ಶಾಲೆಗೆ ಬೇಕು ಎಂದು ಆಮೇಲೆ ನೆನಪಾಗಿ ಕೊನೆಗೆ ಹಾಕಿದಿರೋ, ಕ್ಯುಮುಲೇಟಿವನ್ನು ಮತ್ತೆ ಹಾಕಬೇಕು. ಭಾಷೆಯ ಫೈಲ್‌ಗಳು ಹಳೆ ಆವೃತ್ತಿಯವು, ಅವಕ್ಕೂ ಅಪ್‌ಡೇಟ್ ತಾಗಬೇಕಲ್ವಾ.

ಸರ್ವಿಸಿಂಗ್ ಸ್ಟ್ಯಾಕ್ (ಅಪ್‌ಡೇಟ್ ಹಾಕುವ ಭಾಗದ ಅಪ್‌ಡೇಟ್) ಬೇರೆ ಹಾಕಬೇಕಾ ಎಂದು ಮುಂದಿನ ಪ್ರಶ್ನೆ ಬರುವ ಮೊದಲೇ ಹೇಳುತ್ತೇನೆ, ಬೇಡ, ಈಗ ಅದು ಕ್ಯುಮುಲೇಟಿವ್ ಫೈಲಿನ ಒಳಗೇ ಬರುತ್ತದೆ. ರೀಸೆಟ್‌ಬೇಸ್ ಕೊಟ್ಟರೆ ಒಳಗೆ ಸೇರಿಸಿದ ಅಪ್‌ಡೇಟ್ ಆಮೇಲೆ ಅನ್‌ಇನ್‌ಸ್ಟಾಲ್ ಮಾಡಲಿಕ್ಕೆ ಬರುವುದಿಲ್ಲ, ಶಾಲೆಯ ಲ್ಯಾಬಿಗೆ ಪರವಾಗಿಲ್ಲ.

0ಎಕ್ಸ್ಸಿ1420117 ಎಂದರೆ ಮೌಂಟ್ ಫೋಲ್ಡರ್ ಒಳಗಿನ ಯಾವುದೋ ಫೈಲ್ ಯಾರೋ ತೆರೆದಿಟ್ಟಿದ್ದಾರೆ ಎಂದು ಅರ್ಥ. ಹತ್ತಕ್ಕೆ ಒಂಬತ್ತು ಸಲ ಆ ಯಾರೋ ಎಂದರೆ ನೀವೇ. ಏನಾಗಿದೆ ನೋಡುವ ಎಂದು ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರ್ ತೆರೆದು ಹಾಗೇ ಬಿಟ್ಟಿದ್ದೀರಿ. ಕಮಾಂಡ್ ವಿಂಡೋ ಆ ಫೋಲ್ಡರ್ ಒಳಗೆ ನಿಂತಿದ್ದರೂ ಹೀಗೇ. ಎಲ್ಲ ಮುಚ್ಚಿ. ಆದರೆ ನಿಮ್ಮ ಈ ಇಮೇಜ್ ಹೇಗೂ ಕ್ರಮ ತಪ್ಪಿದ್ದು, ಕಮಿಟ್ ಬೇಡ, ಡಿಸ್ಕಾರ್ಡ್ (ಬದಲಾವಣೆ ಬಿಸಾಡು) ಕೊಟ್ಟು ಬಿಡಿಸಿ. ಮೂಲ ಐಎಸ್‌ಒದಿಂದ ಪ್ರೊ ಮತ್ತೊಮ್ಮೆ ತೆಗೆದು ಶುರು ಮಾಡಿ. ಮಾಡುವಾಗ ವಿಂಡೋಸ್‌ನ ಆ್ಯಂಟಿವೈರಸ್ ಡಿಫೆಂಡರ್‌ನಲ್ಲಿ ಮೌಂಟ್ ಫೋಲ್ಡರನ್ನು ಹೊರಗಿಡಿ, ಪ್ರತಿ ಫೈಲನ್ನೂ ಮೂಸಿ ನೋಡುತ್ತಾ ಕೂರುತ್ತದೆ ಅದು. ಮುಗಿದ ಮೇಲೆ ಮತ್ತೆ ಒಳಗೆ ತರಲಿಕ್ಕೆ ಮರೆಯಬೇಡಿ.

ಅನ್‌ಮೌಂಟ್ ಆದ ಮೇಲೆ ಆ ವಿಮ್ಮನ್ನು ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಹೊಸ ವಿಮ್ ಮಾಡಬೇಕು. ಇದನ್ನು ಜಾಸ್ತಿ ಜನ ಬಿಡುತ್ತಾರೆ. ಕ್ಲೀನಪ್‌ನಲ್ಲಿ ಅಳಿಸಿದ್ದರ ಜಾಗ ವಿಮ್ ಒಳಗೆ ಹಾಗೇ ಉಳಿದಿರುತ್ತದೆ, ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ಫೈಲ್ ಸಣ್ಣದಾಗುವುದು.

ಆದರೂ 4 ಜಿಬಿ ದಾಟಬಹುದು. ನಿಮ್ಮ ಪೆನ್‌ಡ್ರೈವ್ ಫ್ಯಾಟ್32, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲ್ ಹಿಡಿಯುವುದಿಲ್ಲ, 32 ಜಿಬಿ ಖಾಲಿ ಇದ್ದರೂ. ಸ್ಪ್ಲಿಟ್-ಇಮೇಜ್ ಕೊಟ್ಟು ಫೈಲ್‌ಸೈಜ್ 3800 ಎಂದು ಹಾಕಿ, ಇನ್‌ಸ್ಟಾಲ್.ಎಸ್‌ಡಬ್ಲ್ಯುಎಂ, ಇನ್‌ಸ್ಟಾಲ್2 ಎಂದು ಎರಡು ತುಂಡು ಬರುತ್ತದೆ. ಎರಡನ್ನೂ ಸೋರ್ಸಸ್‌ನಲ್ಲಿ ಇಡಿ, ಹಳೆ ಇನ್‌ಸ್ಟಾಲ್.ವಿಮ್ ತೆಗೆಯಿರಿ, ಸೆಟಪ್ ತಾನೇ ಗುರುತಿಸುತ್ತದೆ. ಇಲ್ಲದಿದ್ದರೆ ರೂಫಸ್ ಎಂಬ ಟೂಲ್‌ನಲ್ಲಿ ಎನ್‌ಟಿಎಫ್‌ಎಸ್ ಪೆನ್‌ಡ್ರೈವ್ ಮಾಡಿ, ಆಗ ತುಂಡು ಮಾಡುವ ಕೆಲಸವೇ ಇಲ್ಲ. ನನಗೆ ತುಂಡು ಮಾಡುವುದೇ ಇಷ್ಟ, ಯಾವ ಬಯಾಸ್ ಆದರೂ ಫ್ಯಾಟ್32 ಓದುತ್ತದೆ.

ಮತ್ತೆ, ಬೂಟ್.ವಿಮ್ (ಸೆಟಪ್ ಓಡಿಸುವುದು) ಮತ್ತು ವಿನ್‌ಆರ್‌ಇ (ಪಿಸಿ ಕೆಟ್ಟಾಗ ರಿಪೇರಿಗೆ ತೆರೆಯುವುದು) ಬಗ್ಗೆ ಯಾರೂ ಹೇಳಲಿಲ್ಲ. ಪೂರ್ತಿ ಸರಿಯಾಗಿ ಮಾಡಬೇಕಾದರೆ ಇನ್‌ಸ್ಟಾಲ್.ವಿಮ್ ಒಳಗೆ, ಸಿಸ್ಟಮ್32ರ ರಿಕವರಿ ಫೋಲ್ಡರಿನಲ್ಲಿ ವಿನ್‌ಆರ್‌ಇ.ವಿಮ್ ಎಂದು ಇನ್ನೊಂದು ಇಮೇಜ್ ಇರುತ್ತದೆ, ಅದಕ್ಕೂ ಅದರದ್ದೇ ಸೇಫ್ ಒಎಸ್ ಅಪ್‌ಡೇಟ್ ಹಾಕಬೇಕು, ಬೂಟ್.ವಿಮ್‌ನ ಎರಡು ಇಂಡೆಕ್ಸ್‌ಗೂ ಕ್ಯುಮುಲೇಟಿವ್ ಹಾಕಬೇಕು.

ಬಂದರು_ಬೈಟ್, ಮಂಗಳೂರು

ನೈಟ್‌ಶಿಫ್ಟ್‌ನವರು ಹೇಳಿದ ಕ್ರಮ ಸರಿ, ನಾನು ಡಾಟ್‌ನೆಟ್ ಪ್ರಶ್ನೆಗೆ ಉತ್ತರ ಕೊಡದೇ ಬಿಟ್ಟದ್ದು ನನ್ನದೇ ತಪ್ಪು. ಆದರೆ ಬೂಟ್.ವಿಮ್ ಮುಟ್ಟುವ ವಿಷಯಕ್ಕೆ ನನ್ನ ಒಪ್ಪಿಗೆ ಇಲ್ಲ. ಬೂಟ್.ವಿಮ್ ಎಂದರೆ ಸೆಟಪ್ ಓಡುವ ಅರ್ಧ ಗಂಟೆಗೆ ಬೇಕಾದ ಸಣ್ಣ ವಿಂಡೋಸ್, ಅಷ್ಟೇ. ಅದರ 2ನೇ ಇಂಡೆಕ್ಸ್‌ಗೆ ಕ್ಯುಮುಲೇಟಿವ್ ಹಾಕಿದರೆ ಒಳಗಿನ ಸೆಟಪ್.ಎಕ್ಸ್‌ಇ ಹೊಸದಾಗುತ್ತದೆ, ಪೆನ್‌ಡ್ರೈವ್‌ನ ಸೋರ್ಸಸ್‌ನಲ್ಲಿ ಇರುವುದು ಹಳೆಯದು. ಎರಡೂ ಹೊಂದದಿದ್ದರೆ ಸೆಟಪ್ ಅರ್ಧದಲ್ಲಿ ಕೈಕೊಡುತ್ತದೆ. ಒಳಗಿನದನ್ನು ಹೊರಗೆ ಕಾಪಿ ಮಾಡಬೇಕು ಎಂದು ಎಷ್ಟು ಜನರಿಗೆ ನೆನಪಿರುತ್ತದೆ? 18 ಪಿಸಿಯ ಲ್ಯಾಬಿಗೆ ಇದು ಬೇಕಾ?

ಮಣಿಪಾಲ_ನೈಟ್‌ಶಿಫ್ಟ್

ಲ್ಯಾಬಿಗೆ ಬೇಡ, ಒಪ್ಪಿದೆ. ಆದರೆ ಅಂಗಡಿಯವರಲ್ವಾ ಅವರು, ನಾಳೆ ಇದೇ ಪೆನ್‌ಡ್ರೈವ್ ಹಿಡಿದು ಯಾರದ್ದಾದರೂ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಇಂಟೆಲ್ 11ನೇ ಜನರೇಶನ್‌ನಿಂದ ಈಚೆಗೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ (ಡಿಸ್ಕ್ ನಿಯಂತ್ರಿಸುವ ಇಂಟೆಲ್‌ನ ವ್ಯವಸ್ಥೆ) ಆನ್ ಇರುತ್ತದೆ, ಸೆಟಪ್‌ನಲ್ಲಿ ಡಿಸ್ಕೇ ಕಾಣುವುದಿಲ್ಲ. ಗಿರಾಕಿ ಎದುರಿಗೆ ನಿಂತಿರುವಾಗ ಡಿಸ್ಕ್ ಇಲ್ಲ ಎಂದು ಬಂದರೆ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು. ಇಂಟೆಲ್‌ನ ಆರ್‌ಎಸ್‌ಟಿ ಎಂಬ ಡಿಸ್ಕ್ ಡ್ರೈವರನ್ನು ಆ್ಯಡ್-ಡ್ರೈವರ್ ಕೊಟ್ಟು ಬೂಟ್.ವಿಮ್‌ನ 2ನೇ ಇಂಡೆಕ್ಸ್‌ಗೆ ಮತ್ತು ಇನ್‌ಸ್ಟಾಲ್.ವಿಮ್‌ಗೆ ಹಾಕಿದರೆ ಆ ತಾಪತ್ರಯ ಇಲ್ಲ. ಹಳಬರ ಎಫ್6 ಫ್ಲಾಪಿಯ ಕಥೆಯೇ ಇದು, ಬರೀ ಹೆಸರು ಬದಲು. ಬರೀ ಡ್ರೈವರ್ ಹಾಕಿದರೆ ಸೆಟಪ್.ಎಕ್ಸ್‌ಇ ಬದಲಾಗುವುದಿಲ್ಲ, ನಿಮ್ಮ ಹೆದರಿಕೆಯ ವಿಷಯ ಅಲ್ಲಿ ಬರುವುದೇ ಇಲ್ಲ.

ಇನ್ನೊಂದು, ಲ್ಯಾಪ್‌ಟಾಪ್ ಆದರೆ ಬಯಾಸ್ ಒಳಗೆ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಕೀ ಇರುವುದೇ ಜಾಸ್ತಿ. ಪ್ರೊ ಮಾತ್ರ ಇರುವ ಪೆನ್‌ಡ್ರೈವ್ ಅಲ್ಲಿ ತಗಾದೆ ತೆಗೆಯಬಹುದು. ಅಂಗಡಿಗೆ ಎರಡು ಎಡಿಷನ್ ಇಟ್ಟ ಬೇರೆ ಪೆನ್‌ಡ್ರೈವ್ ಮಾಡಿ.

ಹಂಪನಕಟ್ಟೆ_ಹಳಬ, ಮಂಗಳೂರು

ಫ್ಲಾಪಿ ಮತ್ತೆ ಬಂತು ಎಂದರೆ ನಂಬಲಿಕ್ಕೆ ಆಗುವುದಿಲ್ಲ ನನಗೆ. ಎಫ್6 ಅಂತೂ ಕನಸಿನಲ್ಲೂ ಬರುತ್ತದೆ.

ಕಲ್ಸಂಕದವರೇ, ಒಂದು ಪಿಸಿಯಲ್ಲಿ ಪರೀಕ್ಷೆ ಮಾಡಿಯೇ ಶಾಲೆಗೆ ಹೋಗಿ. ನೆಟ್ ವೈರ್ ತೆಗೆದು ಇನ್‌ಸ್ಟಾಲ್ ಮಾಡಿ ವಿನ್‌ವರ್ (ಆವೃತ್ತಿ ತೋರಿಸುವ ಕಮಾಂಡ್) ಕೊಟ್ಟು ನೋಡಿ. 26200 ಎಂದು ಇರಬೇಕು, ಅದರ ನಂತರದ ಚುಕ್ಕೆಯ ಮುಂದಿನ ಸಂಖ್ಯೆ ನೀವು ಹಾಕಿದ ಕೆಬಿಯ ಪುಟದಲ್ಲಿ ಇರುವುದೇ ಆಗಿರಬೇಕು. ಅದು ಹೊಂದಿದರೆ ಮಾತ್ರ ಬಸ್ಸು ಹತ್ತಿ.

ಕಲ್ಸಂಕ_ಕೀಬೋರ್ಡ್, ಉಡುಪಿ

ಆಯಿತು! ನಿನ್ನೆ ಶಾಲೆಗೆ ಹೋಗಿ ಬಂದೆ.

ಅಂಗಡಿಯಲ್ಲಿ ಹೊಸದಾಗಿ ಶುರು ಮಾಡಿದೆ. ಎಕ್ಸ್‌ಪ್ಲೋರರ್ ಕಿಟಕಿ ನಾನೇ ತೆರೆದಿಟ್ಟದ್ದು, ಒಪ್ಪುತ್ತೇನೆ. ಈ ಸಲ ಕ್ಯುಮುಲೇಟಿವ್, ಕ್ಲೀನಪ್, ಡಾಟ್‌ನೆಟ್, ಡಾಟ್‌ನೆಟ್‌ನ ಅಪ್‌ಡೇಟ್, ಅದೇ ಕ್ರಮದಲ್ಲಿ. ಒಂದು ಎರರ್ ಬರಲಿಲ್ಲ. ಕೊನೆಗೆ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಫೈಲ್ ಸಣ್ಣದಾದದ್ದು ಹೌದು, ಆದರೂ 4 ದಾಟಿಯೇ ಇತ್ತು, ತುಂಡು ಮಾಡಿದೆ. ನಾಲ್ಕು ಪೆನ್‌ಡ್ರೈವ್ ಮಾಡಿಕೊಂಡು ಹೋದೆ, ಒಟ್ಟಿಗೆ ನಾಲ್ಕು ಪಿಸಿಗೆ ಚುಚ್ಚುವುದು, ಮುಗಿದ ಹಾಗೆ ಮುಂದಿನ ಸಾಲಿಗೆ. ಮಧ್ಯಾಹ್ನದ ಬಿಸಿಯೂಟದ ಬೆಲ್ ಹೊಡೆಯುವಾಗ 13 ಆಗಿತ್ತು. ಮಕ್ಕಳೊಟ್ಟಿಗೆ ಕೂತು ಅನ್ನ ಸಾಂಬಾರ್ ಊಟ ಮಾಡಿ ಮೂರೂವರೆಗೆ ಎಲ್ಲ ಮುಗಿಯಿತು. ಮೊದಲು ಮಾಡಿದ 4 ಪಿಸಿಗೂ ಮತ್ತೆ ಹೊಸದಾಗಿ ಹಾಕಿದೆ, ಎಲ್ಲ ಒಂದೇ ರೀತಿ ಇರಲಿ ಎಂದು. ನೆಟ್ ಕೊಟ್ಟ ಮೇಲೆ ಡಿಫೆಂಡರ್‌ನ ಸಣ್ಣ ಅಪ್‌ಡೇಟ್ ಮತ್ತೆ ಒಂದೆರಡು ಡ್ರೈವರ್ ಬಂತು, ಅಷ್ಟೇ. ಆ್ಯಕ್ಟಿವೇಶನ್ ತಾನೇ ಆಯಿತು, ಹಳೆ ಪ್ರೊ ಲೈಸೆನ್ಸ್ ಇತ್ತಲ್ಲ. ಟೈಪಿಂಗ್ ಸಾಫ್ಟ್‌ವೇರ್ ಡಾಟ್‌ನೆಟ್ ಕೇಳದೆ ತೆರೆಯಿತು. ಬಂಗುಡೆಯವರು ಹೇಳಿದ ಡೆಲಿವರಿ ಆಪ್ಟಿಮೈಸೇಶನ್ ಎಲ್ಲದರಲ್ಲೂ ನೋಡಿ ಬಂದಿದ್ದೇನೆ.

ಒಂದೇ ಒಂದು ಪಿಸಿ, 17 ಎಂದು ಚೀಟಿ ಅಂಟಿಸಿದ್ದು, ಮೂರು ಸಲ ಮಾಡಿದರೂ ಫೈಲ್ ಕಾಪಿ ಆಗುವಾಗ 60ರ ಹತ್ತಿರ ನಿಲ್ಲುತ್ತದೆ. ಇಮೇಜ್ ತಪ್ಪಾ ಎಂದು ಒಂದು ಗಂಟೆ ಬೆವರಿದೆ. ಆಮೇಲೆ ರ‍್ಯಾಮ್ ಎರಡು ಕಡ್ಡಿಯಲ್ಲಿ ಒಂದು ತೆಗೆದರೆ ಸುಸೂತ್ರ ಆಯಿತು. ಆ ಕಡ್ಡಿ ಈಗ ನನ್ನ ಮೇಜಿನ ಮೇಲೆ ಉಂಟು. 4 ಜಿಬಿ ಡಿಡಿಆರ್4 ಡೆಸ್ಕ್‌ಟಾಪ್ ರ‍್ಯಾಮ್ ಹಳೆಯದು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಸೋಮವಾರ ಮಂಗಳೂರಿಗೆ ಬರುವುದುಂಟು, ಬಂದು ತೆಗೆದುಕೊಂಡು ಹೋಗುತ್ತೇನೆ.

ಬಂಗುಡೆ404, ಸುರತ್ಕಲ್

ನನ್ನ ಹತ್ತಿರ ಒಂದು ಉಂಟು. ಉಬುಂಟು ಓಡುತ್ತಿದ್ದ ಪಿಸಿಯದ್ದು, ಆಗಬಹುದಾ?